ಏಳ್ನೂರು

ಕುಂಡ್ರಿ ಸಾಹೇಬ್ರ, ಎದ್ದು ಹೋಗಬ್ಯಾಡ್ರಿ.
ಲಿಂಗಸೂಗೂರು ಬಸ್‌ಸ್ಟ್ಯಾಂಡಿನ ಚಾದಂಗಡಿ ಇದು,
ಕೋರ್ಟಲ್ಲ. ಇಲ್ಲಿ ಕಟಕಟಿ ಇಲ್ಲ,
ಇರೋದೊಂದು ಬೆಂಚು, ಅದರ ಒಂದು ಕಾಲಿಗೆ ಇಟ್ಟಿಗಿ.
ನಾನು ಗದ್ದೆಪ್ಪ. ಅಂಬಿಗರ ಗದ್ದೆಪ್ಪ.
ನೀವು ಮೂರು ವರ್ಷ 'ಒಂದನೇ ಆರೋಪಿ' ಅಂತ ಕರದ್ರಿ,
ಎರಡನೆಯವ ಇರಲೇ ಇಲ್ಲ.

ಹತ್ತಿ ದಲ್ಲಾಳಿ ಕಡಿ ಹುಡುಗ ಮೌನೇಶನ್ನ
ರಾತ್ರಿ ನಡುಗಡ್ಡಿಗೆ ದಾಟಸೂ ಮುಂದ
ಎಂಬತ್ನಾಲ್ಕು ಸಾವಿರದ ಸಲುವಾಗಿ
ಹುಟ್ಟಿನಿಂದ ತಲಿಗೆ ಹೊಡದು ಹೊಳಿಗೆ ನೂಕಿದೆ,
ಹಿಂಗ ವಾದ ಮಾಡಿದ್ರಿ.
ತಲಿಗೆ ಬಡದಿದ್ದು ಕಲ್ಲು. ಕೃಷ್ಣಾ ಹೊಳಿಯಾಗ ಕಲ್ಲಿಗೇನು ಬರ?
ರೊಕ್ಕದ ಚೀಲ ಇವತ್ತಿಗೂ ಸಿಕ್ಕಿಲ್ಲ,
ಹೊಳಿ ರಸೀದಿ ಕೊಡೂದಿಲ್ಲ.
ನಮ್ಮ ಸೊಸಿ ಸಾಸಿವಿ ಡಬ್ಬ್ಯಾಗ ಇಟ್ಟಿದ್ದ
ಸಂಘದ ಆರು ಸಾವಿರದ ಇನ್ನೂರು
ನಿಮ್ಮ ಕೈಯಾಗ ಮುದ್ದೆಮಾಲಾತು,
ಪೊಟ್ಟಣಕ್ಕ ಅರಗಿನ ಮುದ್ರಿ ಬಿತ್ತು.
ಅಕಿ ಸಂಘದ ಮೀಟಿಂಗಿನಾಗ ಇನ್ನೂ ತಲಿ ಎತ್ತೂದಿಲ್ಲ.

ನನಗ ಓದು ಬರೂದಿಲ್ರಿ, ಎಣಿಕಿ ಬರತೈತಿ.
ಹರಿಗೋಲು ಬಿಡೋನಿಗೆ ತಲಿ ಎಣಸದ ನಡಿಯೂದಿಲ್ಲ.
ರಾಯಚೂರು ಜೈಲಿನಾಗ ಕೇಸಿನ ನಕಲು ಕೊಟ್ಟಾಗ
ಹಾಳಿ ಮೂಲಿಯ ಅಂಕಿ ನೋಡಕೋತ ಕುಂತೆ:
ನಲವತ್ತೈದು, ನಲವತ್ತಾರು,
ನಲವತ್ತೆಂಟು.
ನಮ್ಮ ವಕೀಲ ಹುಡುಗಿಗೆ ಅಂದೆ,
ತಾಯಿ, ನಡು ಹೊಳಿಯಾಗ ಯಾರೋ ಇಳದಾರ.

ಅಕಿ ಡ್ಯಾಮಿನ ಆಫೀಸಿಗೆ ಅರ್ಜಿ ಹಾಕಿ, ತಿರುಗಿ ತಿರುಗಿ,
ವರ್ಷ ತುಂಬಿದ ಮ್ಯಾಲ ತಂದ್ಲು:
ಆವತ್ತು ಸಂಜಿ ಏಳಕ್ಕ ಹದಿನೆಂಟು ಗೇಟು ಎತ್ಯಾರ,
ಠಾಣೆಗೆ ತಿಳಿಸ್ಯಾರ.
ಆ ಹಾಳಿ ನಿಮ್ಮ ಮೇಜಿನ ಖಾನಿಯಾಗಿತ್ತು.
ಜಡ್ಜ್ ಸಾಹೇಬ್ರು ನಿಮಗ ನಾಕು ಮಾತು ಅಂದ್ರು, ಇಂಗ್ಲಿಷಿನಾಗ.
ನನ್ನ ಬಿಟ್ರು, ಕನ್ನಡದಾಗ.

ಸಿಟ್ಟಿಗೆ ಬಂದಿಲ್ರಿ. ಚಾ ಆರತೈತಿ, ಕುಡೀರಿ.
ಕೋರ್ಟಿನಾಗ ನನಗ ನೂರಾ ಹನ್ನೊಂದು ಪ್ರಶ್ನೆ ಕೇಳಿದ್ರು,
ನೀವು ಬರದುಕೊಟ್ಟವು. ಎಲ್ಲಕ್ಕೂ 'ಸುಳ್ಳು' ಅಂದೆ.
ಒಂದನ್ನ ಮಾತ್ರ ನೀವು ಬರೀಲಿಲ್ಲ,
ಬರದಿದ್ರ ಖಾನಿ ತೆಗೀಬೇಕಾಗತಿತ್ತು:
'ಗದ್ದೆಪ್ಪ, ನೀರು ಏರತೈತಿ ಅಂತ ನಿನಗ ಗೊತ್ತಿತ್ತೇನು?'

ಗೊತ್ತಿತ್ತು.

ಹೊಸ ನೀರು ಬರೂ ಮುಂದ ದಂಡಿ ಕಪ್ಪಿ ಬಾಯಿ ಮುಚ್ಚತಾವ,
ಪಾದಕ್ಕ ಸಣ್ಣ ಕಸ ಹತ್ತತೈತಿ.
ಮೌನೇಶ ಅಂದ, ಐನೂರು ಕೊಡ್ತೀನಿ ಕಾಕಾ, ಬಿಡು.
ಬ್ಯಾಡ ಅನ್ನಬೇಕಿತ್ತು. ನಾನು
ಏಳ್ನೂರು ಅಂದೆ.

ಅವಗೂ ಗೊತ್ತಿತ್ತು, ಇಲ್ಲ ಅನ್ನೂದಿಲ್ಲ.
ಚಪ್ಪಲಿ ಬಿಚ್ಚಿ ಕಂಕಳಾಗ ಹಿಡಕೊಂಡ,
ಈಸಾಕ ಬರೂದಿಲ್ಲ ಅಂತ ನಕ್ಕ.
ಇಪ್ಪತ್ತಾರರ ಹುಡುಗ, ಅವನ ಜೀವಕ್ಕ ಅವನೇ ಜವಾಬ್ದಾರ ಅಂತ
ಜೈಲಿನಾಗ ಎಷ್ಟೋ ರಾತ್ರಿ ವಾದ ಮಾಡೀನಿ,
ನಿಮ್ಮಂಗ ಬೆರಳೆತ್ತಿ. ಗೆಲ್ಲಲಿಲ್ಲ.
ಹುಟ್ಟು ಅವನ ಕೈಯಾಗ ಇರಲಿಲ್ಲ.

ನೀವೂ ನೀರು ನೋಡೇ ಬಿಟ್ರಿ, ಸಾಹೇಬ್ರ.
ಒಳಗ ಕುಂತವ ನಾನು.
ನೀವು ಎಷ್ಟು ಅಂದ್ರೋ, ಯಾರು ಕೊಟ್ರೋ,
ಅದನ್ನ ನಾ ಕೇಳೂದಿಲ್ಲ.

ಬಸ್ಸು ಬಂತು ನೋಡ್ರಿ. ಇನ್ನೊಂದು ಐತಿ, ಕೇಳಿ ಹೋಗ್ರಿ:
ಅವ ಏಳ್ನೂರೂ ಮೊದಲೇ ಕೊಟ್ಟಿದ್ದ.
ಉಡದಾರದ ಚೀಲದಾಗ ನನ್ನ ಕೂಡ ಈಸಿ ದಂಡಿಗೆ ಬಂದುವು.
ಪೊಲೀಸ್ರು ಬರೂದ್ರೊಳಗ ಬಿಸಿಲಿಗೆ ಒಣಗಿಸಿ
ಜಂತಿ ಸಂದ್ಯಾಗ ಇಟ್ಟೆ. ಯಾಕಿಟ್ಟೆನೋ.
ಸಾಸಿವಿ ಡಬ್ಬಿ ಸುರುವಿದೋರು ಮ್ಯಾಲ ನೋಡಲಿಲ್ಲ.
ಮೊನ್ನೆ ಅವರವ್ವನ ಹೊಸ್ತಿಲಿಗೆ ಒಯ್ದಿದ್ದೆ.
ಎದರ ರೊಕ್ಕಪ್ಪ ಅಂದ್ಲು.
ಬಾಯಿ ಬರಲಿಲ್ಲ. ಹೊಳ್ಳಿ ಬಂದೆ.

ಇರಲಿ, ಇರಲಿ, ಕಿಸೆಕ್ಕ ಕೈ ಹಾಕಬ್ಯಾಡ್ರಿ.
ಚಾದ ರೊಕ್ಕ ನಾ ಕೊಡ್ತೀನಿ,
ಬ್ಯಾರೆ ರೊಕ್ಕದಾಗ.